ಊರಿನ ಹತ್ತಿ, ಬಂದರಿನ ಹೆಸರು

ನಮ್ಮ ಸವಣೂರು ಆಗ ನವಾಬರ ಸಂಸ್ಥಾನ. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ. ಈ ಸೀಮೆಯ ಎರಿಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹಂಗಾಗಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಅಂತಲೇ ಹೆಸರು. ಬೆಳೆದ ಊರಿನ ಹೆಸರು ದಾರಿಯಲ್ಲೇ ಉಳಿಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಸಿಗದೆ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು; ದರ ವಿಪರೀತ ಏರಿತು. 1865ರಲ್ಲಿ ಯುದ್ಧ ಮುಗೀತು, ದರವೂ ಬಿತ್ತು. ಏರಿಸಿದವನೂ ಇಳಿಸಿದವನೂ ನಮ್ಮ ರೈತನಲ್ಲ.

2003ರಲ್ಲಿ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಯ ಮುಂದೆ ದೂರಿದವು: ಶ್ರೀಮಂತ ದೇಶಗಳು ತಮ್ಮ ಬೆಳೆಗಾರರಿಗೆ ಕೊಡೋ ಸಬ್ಸಿಡಿಯಿಂದ ನಮ್ಮ ಹತ್ತಿಯ ದರ ಬೀಳ್ತಿದೆ. ಬಡದೇಶದ ರೈತನಿಗೆ ಪೇಟೆಯ ಬಾಗಿಲು ತೆರೆದರಷ್ಟೇ ಸಾಲದು. ದರ ಕಟ್ಟುವಲ್ಲಿ ಅವನ ಮಾತೂ ನಡೀಬೇಕು.