ನಾಗಂದಿಗೆಯಿಂದ ಷಟರಿನವರೆಗೆ

ಹಳೆಯ ಅಡುಗೆಮನೆಯಲ್ಲಿ ಬಾಗಿಲಿನ ಮಾತೇ ಇರಲಿಲ್ಲ. ಹಾಲು-ಮೊಸರು ನೆಲುವಿನಲ್ಲಿ ತೂಗುತ್ತಿತ್ತು, ಡಬ್ಬಿಗಳು ನಾಗಂದಿಗೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು, ಬೆಂಕಿಪೊಟ್ಟಣಕ್ಕೆ ಗೋಡೆಯ ಗೂಡು. ಆಮೇಲೆ ಬಂದ ಕಡಪಾ ಕಲ್ಲಿನ ಶೆಲ್ಫುಗಳೂ ತೆರೆದೇ ಇದ್ದವು. ಬಾಗಿಲು ಅಂತ ಇದ್ದರೆ ಬೆಕ್ಕಿನ ಕಾಟಕ್ಕೆ ಮಾಡಿಸಿದ ಜಾಲರಿ ಬೀರುವಿಗೆ. ಇಂದು ಮನೆ ಕಟ್ಟಿಸುವವರಿಗೆ ಕಾರ್ಪೆಂಟರ್ ಕೇಳುವುದೇ ಬೇರೆ: ‘ಷಟರ್ ಯಾವ ಥರದ್ದು ಹಾಕಲಿ?’ ಷಟರ್ ಅಂದರೆ ಕಪಾಟಿನ ಬಾಗಿಲು. ಲ್ಯಾಮಿನೇಟ್, ಮೆಂಬ್ರೇನ್, ಅಕ್ರಿಲಿಕ್, ಪಿಯು ಪೇಂಟ್, ಶೇಕರ್ ಹೀಗೆ ಪಟ್ಟಿ ಬೆಳೆಯುತ್ತದೆ. ಬಹುಪಾಲು ಶೈಲಿಗಳು ಯಾವುದೋ ಕಾಲದ ಒಂದು ತೊಡಕಿಗೆ ಸಿಕ್ಕ ಪರಿಹಾರ. ಆ ತೊಡಕು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಇವುಗಳಲ್ಲಿ ಹಳೆಯದು ಚೌಕಟ್ಟು ಮತ್ತು ಹಲಗೆಯ ಬಾಗಿಲು. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೇ ಬಡಗಿಗಳು ನಾಲ್ಕು ಪಟ್ಟಿಗಳ ಚೌಕಟ್ಟು ಮಾಡಿ, ಅದರ ಒಳಬದಿಯ ತೋಡಿನಲ್ಲಿ ನಡುವಿನ ಹಲಗೆಯನ್ನು ಅಂಟು ಹಾಕದೆ ಕೂರಿಸುತ್ತಿದ್ದರು. ಹಲಗೆಗೆ ಅಲ್ಲಾಡಲು ಜಾಗ, ಬಾಗಿಲಿಗೆ ಬಿರುಕಿಲ್ಲ. ನಮ್ಮ ಹಳೆಯ ತೇಗದ ಬಾಗಿಲುಗಳಲ್ಲೂ ಇದೇ ಜಾಣತನವಿದೆ. 1774ರಲ್ಲಿ ಆ್ಯನ್ ಲೀ ಅವರೊಂದಿಗೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಶೇಕರ್ ಪಂಥದವರು ಕೆತ್ತನೆ ಬೇಡವೆಂದು ಇದನ್ನು ಸಪಾಟಾಗಿ, ಸರಳವಾಗಿ ಉಳಿಸಿಕೊಂಡರು. ಇಂದಿನ ಶೇಕರ್ ಷಟರಿನ ಹೆಸರು ಅವರದೇ.

ಆದರೆ ಈಗ ಆ ಹೆಸರಿನಲ್ಲಿ ಮಾರುವ ಹಲವು ಬಾಗಿಲುಗಳು ಮರದ ನಾರನ್ನು ಒತ್ತಿ ಮಾಡಿದ ಒಂದೇ ಎಂಡಿಎಫ್ ಹಲಗೆಯನ್ನು ಯಂತ್ರದಲ್ಲಿ ಕೊರೆದು ಮಾಡಿದವು. ರೂಪ ಉಳಿದಿದೆ, ಕಾರಣ ಹೋಗಿದೆ. ಚೌಕಟ್ಟು ನಡುಭಾಗಕ್ಕೆ ಇಳಿಯುವಲ್ಲಿ ಒಂದು ಸಣ್ಣ ಮೆಟ್ಟಿಲಿರುತ್ತದೆ. ಒಗ್ಗರಣೆಯ ಹೊಗೆ ಅಲ್ಲಿ ಜಿಡ್ಡಾಗಿ ಕೂರುತ್ತದೆ, ಅದರ ಮೇಲೆ ಧೂಳು. ಮೂಲೆಗೆ ಬಟ್ಟೆ ಹೋಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕು. ದಿನಕ್ಕೆ ಮೂರು ಹೊತ್ತು ಸಾಸಿವೆ ಸಿಡಿಯುವ ಮನೆಗೆ ಇದು ಸಣ್ಣ ಸಂಗತಿಯಲ್ಲ.

ಚಪ್ಪಟೆ ಬಾಗಿಲಿನ ಹಾದಿ ಬೇರೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಫ್ರಾಂಕ್‌ಫರ್ಟಿನ ದುಡಿಯುವವರ ಮನೆಗಳಿಗೆ ಅಳತೆಗೆ ತಕ್ಕ ಅಡುಗೆಮನೆ ರೂಪಿಸಿದರು. ಸುಮಾರು 10,000 ಮನೆಗಳಿಗೆ ಅದು ಹೋಯಿತು. ಅಲಂಕಾರವಿಲ್ಲದ ಕಪಾಟು, ನೀಲಿ ಬಣ್ಣ. ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಈ ಚಪ್ಪಟೆ ಮೈಗೆ ಹೊದಿಕೆ ಕೊಟ್ಟದ್ದು ಲ್ಯಾಮಿನೇಟ್. 1913ರ ಹೊತ್ತಿಗೆ ಅಮೆರಿಕದಲ್ಲಿ ಅಭ್ರಕ, ಅಂದರೆ ಮೈಕಾದ ಬದಲಿಗೆ ವಿದ್ಯುತ್ ನಿರೋಧಕವಾಗಿ ಬಂದ ಫಾರ್ಮೈಕಾ ಎಂಬ ಲ್ಯಾಮಿನೇಟ್ ಮುಂದೆ ಮೇಜು, ಕಪಾಟುಗಳ ಮೇಲೆ ಕೂತಿತು. ಭಾರತದಲ್ಲಿ ಸನ್‌ಮೈಕಾ ಎಂಬ ಬ್ರಾಂಡ್ ಇಡೀ ವಸ್ತುವಿನ ಹೆಸರೇ ಆಯಿತು. ಕಾರ್ಪೆಂಟರ್ ಬಾಯಲ್ಲಿ ಅದು ಇಂದಿಗೂ ಬರೀ ಮೈಕಾ.

ಯುದ್ಧಾನಂತರದ ಯುರೋಪಿನಲ್ಲಿ ಬಾಗಿಲಿನ ಹಿಂಬದಿ 35 ಮಿ.ಮೀ. ಗುಳಿಯಲ್ಲಿ ಅಡಗುವ ಹಿಂಜ್ ಬಳಕೆಗೆ ಬಂದ ಮೇಲೆ ಷಟರ್ ಕಪಾಟಿನ ಇಡೀ ಮುಂಬದಿಯನ್ನೇ ಮುಚ್ಚುವಂತಾಯಿತು. ಕಾಲಕ್ರಮದಲ್ಲಿ ಕೆಲವು ಷಟರುಗಳಲ್ಲಿ ಹಿಡಿಕೆಯೂ ಮಾಯವಾಯಿತು.

ನಮ್ಮಲ್ಲಿ ಚಪ್ಪಟೆ ಷಟರಿನ ಬೆನ್ನೆಲುಬು ಪ್ಲೈವುಡ್. ಅದರ ಸಂಶೋಧನೆಗೆಂದೇ 1962ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಐಎಸ್ 710 ಮುದ್ರೆಯ ಪ್ಲೈ 72 ಗಂಟೆಗಳ ಕುದಿನೀರಿನ ಪರೀಕ್ಷೆ ದಾಟಬೇಕು. ಎಂಡಿಎಫ್‌ಗೆ ಆ ತಾಕತ್ತಿಲ್ಲ, ನೀರು ಕುಡಿದರೆ ಊದಿಕೊಳ್ಳುತ್ತದೆ. ಅದರ ಮೇಲೆ ಪಿವಿಸಿ ಹಾಳೆಯನ್ನು ಬಿಸಿಯಲ್ಲಿ ಒತ್ತಿ ಮಾಡುವ ಮೆಂಬ್ರೇನ್ ಷಟರ್ ನೋಡಲು ಚೆಂದ, ಒಲೆಯ ಪಕ್ಕದಲ್ಲಿ ಮಾತ್ರ ಅಂಚಿನಿಂದ ಏಳುತ್ತದೆ. ಅಕ್ರಿಲಿಕ್ ಕನ್ನಡಿಯಂತೆ ಹೊಳೆಯುತ್ತದೆ. ಒರಟು ಸ್ಕ್ರಬ್ಬರ್ ತಾಗಿದರೆ ಗೀರು.

ಒಗ್ಗರಣೆ ಹಾಕುವ ಅಡುಗೆಮನೆಗೆ ಒಳ್ಳೆಯ ಪ್ಲೈ ಮೇಲೆ 1 ಮಿ.ಮೀ. ಮ್ಯಾಟ್ ಲ್ಯಾಮಿನೇಟಿನ ಚಪ್ಪಟೆ ಷಟರೇ ಸರಿ. ಶೇಕರ್ ಇಷ್ಟವಿದ್ದರೆ ಒಲೆಯಿಂದ ದೂರದ ಕಪಾಟಿಗೆ ಹಾಕಿಸಿಕೊಳ್ಳಬಹುದು. ಯಾವುದನ್ನೇ ಆರಿಸಿ, ಕೊನೆಯ ಕಂತಿನ ಹಣ ಕೊಡುವ ಮುನ್ನ ಸಿಂಕಿನ ಕೆಳಗಿನ ಷಟರಿನ ತಳದ ಅಂಚಿಗೆ ಬೆರಳಾಡಿಸಿ. ಬರಿ ಪ್ಲೈ ಕೈಗೆ ತಾಗಿದರೆ ಅಂದೇ ಅಂಚು ಮುಚ್ಚುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್ ಹಾಕಿಸಿಕೊಳ್ಳಿ.