ಅಧಿಮಂಥ, ಕಲ್ಯಾಣಕಾರಕ ಮತ್ತು ಮಾಕಂದಿ ಬೇರು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಕಾಲದ ಪಲಾಶಿಕಾ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ಇಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗೆ ಭೂದಾನ ಮಾಡಿದುದನ್ನು ತಾಮ್ರಶಾಸನ ದಾಖಲಿಸಿದೆ. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಸಚಿವ ಬೀಚಿರಾಜನು ಕಟ್ಟಿಸಿದನು. ಜೈನರ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆದುದರಿಂದ ಈ ನಾಡಿನ ಬಸದಿಗಳ ಇತಿಹಾಸದೊಡನೆ ವೈದ್ಯದ ಇತಿಹಾಸವನ್ನೂ ಓದಬೇಕಾಗುತ್ತದೆ.

ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ 'ಕಲ್ಯಾಣಕಾರಕ' ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟ ಗ್ರಂಥ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಇದೇ ನಿಯಮ ಉಳಿಯಿತು. ನೇತ್ರಚಿಕಿತ್ಸೆಯಲ್ಲಿ ಇದರ ಪರಿಣಾಮ ಸಣ್ಣದಲ್ಲ. ಆಯುರ್ವೇದದ ಅಂಜನಗಳಲ್ಲಿ ಜೇನು ಮುಖ್ಯ ಅನುಪಾನ. ಅದನ್ನು ಬಿಟ್ಟ ವೈದ್ಯನು ಬೇರು, ತೊಗಟೆ, ಎಲೆಗಳ ಗುಣವನ್ನೇ ಹೆಚ್ಚು ನೆಚ್ಚಬೇಕಾಯಿತು. ಅಹಿಂಸೆಯ ವ್ರತವು ಇಲ್ಲಿ ಸಸ್ಯಜ್ಞಾನದ ಶಿಸ್ತಾಯಿತು.

ಸುಶ್ರುತಸಂಹಿತೆಯು 76 ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಅಧಿಮಂಥವು ಕಣ್ಣನ್ನು ಕಡೆಗೋಲಿನಿಂದ ಕಡೆದಂತೆ ನೋಯಿಸುವ ವ್ಯಾಧಿ. ಚಿಕಿತ್ಸೆ ತಪ್ಪಿದರೆ ಕಫಜವು ಏಳು, ವಾತಜವು ಆರು, ರಕ್ತಜವು ಐದು ರಾತ್ರಿಗಳಲ್ಲಿ, ಪಿತ್ತಜವು ತತ್‌ಕ್ಷಣವೇ ದೃಷ್ಟಿಯನ್ನು ನಾಶಮಾಡುತ್ತದೆ. ಇದನ್ನು ತೀವ್ರ ಸ್ವರೂಪದ ಗ್ಲಾಕೋಮಾಕ್ಕೆ ಹೋಲಿಸುವ ರೂಢಿಯಿದೆ. ಹೋಲಿಕೆ ಸಮಂಜಸವೇ, ಆದರೆ ನೋವಿಲ್ಲದೆ ಮೆಲ್ಲನೆ ದೃಷ್ಟಿಯನ್ನು ಕಸಿಯುವ ಗ್ಲಾಕೋಮಾ ಈ ವರ್ಣನೆಯೊಳಗೆ ಬರುವುದಿಲ್ಲ.

ಸಸ್ಯ ಮತ್ತು ಗ್ಲಾಕೋಮಾಗಳ ಸಂಬಂಧಕ್ಕೆ ಆಧುನಿಕ ಸಾಕ್ಷ್ಯ ದೊರೆತದ್ದು ಕನ್ನಡಿಗರು ಉಪ್ಪಿನಕಾಯಿ ಹಾಕುವ ಮಾಕಂದಿ ಬೇರಿನಲ್ಲಿ. 1970ರ ದಶಕದಲ್ಲಿ ಮುಂಬಯಿಯ ಹೆಕ್ಸ್ಟ್ ಸಂಶೋಧನಾ ಕೇಂದ್ರವು ಇದರಿಂದ ಫೋರ್ಸ್ಕೋಲಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿತು. ಜೀವಕೋಶದ ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಅದು ಪ್ರಚೋದಿಸಿ ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ. 1983ರಲ್ಲಿ ಕ್ಯಾಪ್ರಿಯೋಲಿ ಮತ್ತು ಸಿಯರ್ಸ್ ಎಂಬ ವಿಜ್ಞಾನಿಗಳು, ಫೋರ್ಸ್ಕೋಲಿನ್ ಹನಿಗಳು ಮೊಲ, ಕೋತಿ ಮತ್ತು ಮನುಷ್ಯರ ಕಣ್ಣಿನ ಒತ್ತಡವನ್ನು ಇಳಿಸುವುದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಸೈಕ್ಲಿಕ್ ಎಎಂಪಿಯ ಸಂಕೇತವು ಕೋಶಕೇಂದ್ರದವರೆಗೂ ಸಾಗಿ, ಕ್ರೆಬ್ ಎಂಬ ಪ್ರೋಟೀನಿನ ಮೂಲಕ ಕೆಲವು ಜೀನುಗಳ ಅಭಿವ್ಯಕ್ತಿಯನ್ನೂ ನಿಯಂತ್ರಿಸುತ್ತದೆ. ಆದರೂ ಇದು ಗ್ಲಾಕೋಮಾದ ವಾಡಿಕೆಯ ಔಷಧಗಳ ಸ್ಥಾನವನ್ನು ಪಡೆದಿಲ್ಲ.

ಇಲ್ಲಿ ಎರಡು ಅತಿರೇಕಗಳನ್ನು ದೂರವಿಡಬೇಕು. ಉಗ್ರಾದಿತ್ಯನು ಜೀನುಗಳನ್ನು ಅರಿತಿದ್ದನೆನ್ನುವುದು ಆತನಿಗೆ ಗೌರವವಲ್ಲ, ಇತಿಹಾಸಕ್ಕೆ ಅಪಚಾರ. ಪ್ರಾಚೀನ ಯೋಗಗಳೆಲ್ಲ ನಿಷ್ಪ್ರಯೋಜಕವೆನ್ನುವುದೂ ಪರೀಕ್ಷಿಸದೆ ಕೊಟ್ಟ ತೀರ್ಪು. ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿ ಮರಳದು. ಗ್ರಂಥದ ಮೇಲಿನ ಅಭಿಮಾನದಿಂದ ರೋಗಿಯು ವೈದ್ಯರ ಹನಿಯನ್ನು ಬಿಟ್ಟರೆ ಅದರ ಬೆಲೆ ತೆರುವುದು ಕಣ್ಣು.

ಸಾಹಿತ್ಯ ಸಂಶೋಧಕರ ಪಾಲಿನ ಕೆಲಸ ಬೇರೆಯೇ ಇದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಕಲ್ಯಾಣಕಾರಕವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಅಂತಹ ಗ್ರಂಥಗಳ ಒಂದೊಂದು ಸಸ್ಯನಾಮವೂ ಯಾವ ಗಿಡವನ್ನು ಸೂಚಿಸುತ್ತದೆಂಬುದು ಪಾಠಶೋಧನೆಯಿಂದಲೇ ನಿರ್ಣಯವಾಗಬೇಕು. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಿದೆ. ಖಾನಾಪುರದಲ್ಲಿ ಪಶ್ಚಿಮಘಟ್ಟದ ಕಾಡಿದೆ. ಹೆಸರು ತಪ್ಪಿದರೆ ಗಿಡ ತಪ್ಪುತ್ತದೆ, ಗಿಡ ತಪ್ಪಿದರೆ ಪ್ರಯೋಗಾಲಯದ ಶ್ರಮವೆಲ್ಲ ವ್ಯರ್ಥ.