ಕ್ಯಾಡ್ಬರಿ ಮನೆತನದ ದೇವರು ಮತ್ತ ಧಂದೆ

ಮಕ್ಕಳು ಹಟಾ ಹಿಡದರ ನಾವು ಅವರ ಕೈಯಾಗ ಇಡೋ ಕ್ಯಾಡ್ಬರಿ ಐತೆಲ್ಲ, ಅದು ಒಂದು ಮನೆತನದ ಅಡ್ಡಹೆಸರು ನೋಡ್ರಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಾಗ ಜಾನ್ ಕ್ಯಾಡ್ಬರಿ 1824ರಾಗ ಚಹಾ, ಕಾಫಿ, ಕೋಕೋ ಮಾರೋ ಅಂಗಡಿ ಹಾಕಿದ. ಅವರು ಕ್ವೇಕರ್ ಪಂಥದ ಕ್ರೈಸ್ತರು. ಆಣಿ ಮಾಡಂಗಿಲ್ಲ, ಯುದ್ಧಕ್ಕ ಹೋಗಂಗಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜಿನ ಡಿಗ್ರಿ ಆಗ ಅಂಥವರಿಗೆ ಸಿಗತಿರಲಿಲ್ಲ. ಹಿಂಗಾಗಿ ಭಾಳ ಮಂದಿ ವ್ಯಾಪಾರಕ್ಕ ಇಳದರು. ಸೆರೆ ಕುಡದು ಸಂಸಾರ ಹಾಳಾಗೋದು ಜಾನ್‌ಗ ಸಹಿಸ್ತಿರಲಿಲ್ಲ. ಸೆರೆ ಬದಲಿಗೆ ಬಡವರು ಕೋಕೋ ಕುಡೀಲಿ ಅನ್ನೋದು ಅವನ ಆಶಾ.

1861ರಾಗ ಮಕ್ಕಳಾದ ರಿಚರ್ಡ್, ಜಾರ್ಜ್ ಕೈಗೆ ಬಂದಾಗ ಧಂದೆ ಮುಳಗೋ ಹಂಗ ಇತ್ತು. ತೀರಿಹೋದ ತಾಯಿಯಿಂದ ಬಂದ ತಲಾ 4,000 ಪೌಂಡು ಹಾಕಿ ಎತ್ತಿ ನಿಲ್ಲಿಸಿದರು. 1879ರಾಗ ಊರ ಹೊರಗ ಬೋರ್ನ್‌ವಿಲ್ ಕಾರ್ಖಾನಿ ಎದ್ದಿತು. 1893ರಾಗ ಜಾರ್ಜ್ ಅದರ ಬಾಜೂಕ 120 ಎಕರೆ ತೊಗೊಂಡು, ಹಿತ್ತಲಿದ್ದ ಮನಿ ಕಟ್ಟಿಸಾಕ ಹತ್ತಿದ. ಸೆರೆ ಅಂಗಡಿಗೆ ಅಲ್ಲಿ ಜಾಗಾ ಇರಲಿಲ್ಲ. ಕಾರ್ಖಾನ್ಯಾಗ ಹೆಣ್ಮಕ್ಕಳಿಗೂ ಕೆಲಸ ಸಿಕ್ಕಿತು, ಖರೇ. ಆದ್ರ ಲಗ್ನ ಆತಂದ್ರ ಬಿಡಬೇಕು!

ಭಕ್ತಿಯ ಖರೇ ಪರೀಕ್ಷಾ ಬಂದದ್ದು ಮುಂದ. ಅವರ ಕೋಕೋ ಬೀಜದಾಗ ಅರ್ಧಕ್ಕಿಂತ ಹೆಚ್ಚು ಬರತಿದ್ದದ್ದು ಪೋರ್ಚುಗೀಸರ ಕೈಯಾಗಿದ್ದ ಆಫ್ರಿಕಾದ ಸಾವೊ ಟೊಮೆ, ಪ್ರಿನ್ಸಿಪೆ ದ್ವೀಪಗಳಿಂದ. ಅಂಗೋಲಾದಿಂದ ಮಂದೀನ ಹಿಡದು ತಂದು, ಕಾಗದದ ಮ್ಯಾಲ 'ಕರಾರಿನ ಕೂಲಿ' ಅಂತ ಬರದು, ಗುಲಾಮರಂಗ ದುಡಸತಿದ್ದರು. ಆ ಸುದ್ದಿ 1901ರಾಗ ರಿಚರ್ಡನ ಮಗ ವಿಲಿಯಂ ಕಿವಿಗೆ ಬಿತ್ತು. ವಿಚಾರಣಿಗೆ ಮನಶ್ಯಾನ್ನ ಕಳಿಸಿದರು, ಪೋರ್ಚುಗೀಸ್ ಸರಕಾರದ ಜೋಡಿ ಮಾತಾಡಿದರು. ಖರೀದಿ ಮಾತ್ರ ಬಿಡಲಿಲ್ಲ. ಬಿಟ್ಟರ ನಮ್ಮ ಮಾತು ಯಾರೂ ಕೇಳಂಗಿಲ್ಲ ಅನ್ನೋದು ಅವರ ವಾದ. ಬಿಟ್ಟದ್ದು 1909ರ ಮಾರ್ಚಿನಾಗ, ಎಂಟು ವರ್ಷದ ಮ್ಯಾಲ.

ಇದು ಬರೇ ಢೋಂಗು ಅಂತ 'ಸ್ಟ್ಯಾಂಡರ್ಡ್' ಪತ್ರಿಕೆ 1908ರಾಗ ಬರದಿತ್ತು. ಕ್ಯಾಡ್ಬರಿಯವರು ಮಾನಹಾನಿ ದಾವೆ ಹಾಕಿ, 1909ರ ಡಿಸೆಂಬರಿನಾಗ ಗೆದ್ದರು. ಜ್ಯೂರಿ ಕೊಡಿಸಿದ ಪರಿಹಾರ ಎಷ್ಟು? ಒಂದು ಫಾರ್ದಿಂಗ್, ಅಂದ್ರ ಕಾಲು ಪೆನ್ನಿ.

ಅವರ ಭಕ್ತಿ ಸುಳ್ಳು ಅಂತ ನನಗ ಅನಸೂದಿಲ್ಲ. ಬೋರ್ನ್‌ವಿಲ್‌ನ ಮನಿ ಇವತ್ತಿಗೂ ನಿಂತಾವ. ಆದ್ರ ಕಣ್ಣಮುಂದಿನ ಕೂಲ್ಯಾರಿಗೆ ಹಿತ್ತಲಿದ್ದ ಮನಿ ಸಿಕ್ಕಾಗ, ಕಣ್ಣಿಗೆ ಬೀಳದವರು ಎಂಟು ವರ್ಷ ಕಾಯಬೇಕಾತು. ಧಂದೆ ಮಾಡೋ ಮನ್ಯಾಗ ದೇವರ ಪೂಜಿ ಎಷ್ಟು ನಡೀತೈತಿ ಅನ್ನೋದರ ಜೋಡಿ, ಮಾಲು ಎಲ್ಲಿಂದ ಬಂತು, ಯಾರು ಬೆವರು ಸುರಿಸಿದರು ಅಂತನೂ ಕೇಳಬೇಕವ್ವಾ.